ಕೊಡುವ ಸೀರೆ, ಉಡುವ ಸೀರೆ

ಅಹಲ್ಯಾ ಮಾಡಿದ ತಪ್ಪು ಇಷ್ಟೇ, ಕೊಟ್ಟ ಸೀರೆಯನ್ನು ಉಟ್ಟುಕೊಂಡಳು.

ನಗಬೇಡಿ. ದಿಲ್ಲಿಯ ನಮ್ಮವರ ಮನೆಗಳಲ್ಲಿ ಇದು ಸಣ್ಣ ತಪ್ಪಲ್ಲ. ಬೀರುವಿನಲ್ಲಿ ಉಡುವ ಸೀರೆಗಳಿಗೆ ಒಂದು ಅರೆ, ಕೊಡುವ ಸೀರೆಗಳಿಗೆ ಇನ್ನೊಂದು ಅರೆ. ಮದುವೆ ಮುಂಜಿಯಲ್ಲಿ ಮಡಿಲಿಗೆ ಬಿದ್ದ ಸೀರೆ ಮನೆಗೆ ಬಂದ ಕೂಡಲೇ ಕೊಡುವ ಅರೆಗೆ ಹೋಗುತ್ತದೆ. ಅದರ ಮಡಿಕೆಯನ್ನೂ ಬಿಚ್ಚುವುದಿಲ್ಲ. ಮುಂದೆ ಯಾರದೋ ಸೀಮಂತಕ್ಕೆ ಹೊಸ ಕವರಿನಲ್ಲಿ ಹೊರಡುತ್ತದೆ. ಕಿದ್ವಾಯಿ ನಗರದಿಂದ ಹೊರಟ ಸೀರೆ ಜನಕಪುರಿ, ನೊಯ್ಡಾ ಎಲ್ಲ ಸುತ್ತಿ ಕೊನೆಗೆ ಕೊಟ್ಟವಳ ಕೈಗೇ ಬಂದದ್ದೂ ಉಂಟು. ಅವಳು ಬಾಯಿ ಮುಚ್ಚಿಕೊಂಡು ತೆಗೆದುಕೊಂಡದ್ದೂ ಉಂಟು.

ಎರಡು ಸಾವಿರದ ಒಂಬತ್ತರ ಬೇಸಿಗೆಯಲ್ಲಿ ಫರೀದಾಬಾದಿನ ಚಿದಂಬರ ಮಗನ ಮುಂಜಿ ಮಾಡಿದ. ಬೋಲ್ಟು ತಯಾರಿಸುವ ಕಾರ್ಖಾನೆಯಲ್ಲಿ ಅವನು ಮ್ಯಾನೇಜರು. ಬಂದ ಹೆಂಗಸರಿಗೆ ಕೊಡಲು ಸೀರೆಯನ್ನೂ ಬೋಲ್ಟು ಕೊಂಡ ಹಾಗೆಯೇ ಕೊಂಡ. ಒಂದೇ ಅಳತೆ, ಒಂದೇ ಬಣ್ಣ, ಇಡೀ ಮೂಟೆ. ಸಾಸಿವೆ ಹೂವಿನ ಹಳದಿ, ಮರೂನು ಅಂಚು, ಸೆರಗಿನಲ್ಲಿ ಹಂಸದ ಸಾಲು. ಅವನ ಹೆಂಡತಿ ಸುಮಿತ್ರಾ ಬೀಗಿತ್ತಿಯಿಂದ ಹಿಡಿದು ಅಡುಗೆಯವಳ ತನಕ ಎಲ್ಲರಿಗೂ ಅದನ್ನೇ ಕೊಟ್ಟಳು. ಎಲ್ಲರೂ "ಎಷ್ಟು ಚೆನ್ನಾಗಿದೆ" ಎಂದರು, ಮನೆಗೆ ಬಂದು ಕೊಡುವ ಅರೆಯಲ್ಲಿಟ್ಟರು.

ಅಹಲ್ಯಾ ಮಾತ್ರ ಮಡಿಕೆ ಬಿಚ್ಚಿದಳು. ಬಟ್ಟೆ ಮೆತ್ತಗಿತ್ತು, ಬಣ್ಣ ಅವಳ ಕಣ್ಣಿಗೆ ಒಪ್ಪಿತು. ಫಾಲ್ಸ್ ಹೊಲಿದು ಉಡುವ ಅರೆಯಲ್ಲಿಟ್ಟುಕೊಂಡಳು.

ಅಕ್ಟೋಬರ್‌ನಲ್ಲಿ ಉತ್ತರ ಕರ್ನಾಟಕದಲ್ಲಿ ನೆರೆ ಬಂತು. ಇಲ್ಲಿಯ ಕಾವೇರಿ ಕನ್ನಡ ಕೂಟದವರು ಬಟ್ಟೆಬರೆ, ಕಂಬಳಿ ಕೂಡಿಸಿದರು. ಮಹಿಳಾ ವಿಭಾಗದ ಕಾರ್ಯದರ್ಶಿ ಅಹಲ್ಯಾ. ಕೂಟದ ಹಾಲಿನಲ್ಲಿ ಕೂತು, ಮೂಗಿಗೆ ಸೆರಗು ಕಟ್ಟಿಕೊಂಡು, ಹರಿದದ್ದನ್ನು ಬೇರೆ ಮಾಡಿ, ಒಳ್ಳೆಯದನ್ನು ಕಟ್ಟು ಕಟ್ಟಿದಳು. ಆ ರಾಶಿಯಲ್ಲಿ ಅದೇ ಹಳದಿ ಸೀರೆ ಒಂದಲ್ಲ, ಎರಡಲ್ಲ, ಕೈ ಹಾಕಿದಲ್ಲೆಲ್ಲ ಸಿಕ್ಕಿತು. ಒಂದರ ಕವರನ್ನೂ ಬಿಚ್ಚಿರಲಿಲ್ಲ. ಯಾವ ಕಟ್ಟು ಯಾರ ಮನೆಯದೆಂದು ಅವಳಿಗೆ ಗೊತ್ತಿತ್ತು. ನಗು ಬಂತು, ಆದರೆ ಹೊರಗೆ ಯಾರಿಗೂ ಹೇಳಲಿಲ್ಲ. ಸುಮಿತ್ರಾಗೆ ಬೇಜಾರಾಗುತ್ತದೆ, ಕೊಟ್ಟವರಿಗೆ ನಾಚಿಕೆಯಾಗುತ್ತದೆ. ಅಲ್ಲಿ ಮೈ ಮುಚ್ಚಲು ಬಟ್ಟೆ ಸಿಕ್ಕರೆ ಸಾಕು ಎಂದುಕೊಂಡು ಎಲ್ಲವನ್ನೂ ಲಾರಿಗೆ ಹಾಕಿಸಿದಳು. ನವೆಂಬರ್‌ನಲ್ಲಿ ರಾಜ್ಯೋತ್ಸವಕ್ಕೆ ತನ್ನ ಹಳದಿ ಸೀರೆ ಉಟ್ಟುಕೊಂಡು ಹೋದಳು. ಎಡವಟ್ಟು ಆದದ್ದು ಆಮೇಲೆ.

ಮುಂದಿನ ಭಾನುವಾರ ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರಿನಲ್ಲಿ ಅಹಲ್ಯಾ ದೋಸೆ ಹುಯ್ಯುತ್ತಿದ್ದಳು. ಗಂಡ ಗೋಪಿನಾಥ ಸ್ನಾನಕ್ಕೆ ಹೋಗಿದ್ದ. ಮಾವ ವೆಂಕಟಸುಬ್ಬಯ್ಯನವರು ಬಾಲ್ಕನಿಯ ಬಿಸಿಲಿನಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದರು. ಮಗಳು ಅದಿತಿ ಕಂಪ್ಯೂಟರಿನ ಮುಂದಿದ್ದಳು. ಅವಳು ಪತ್ರಿಕೋದ್ಯಮದ ಎಂ.ಎ. ವಿದ್ಯಾರ್ಥಿನಿ. ಹೊರನಾಡಿನವರ ಸಣ್ಣ ಪತ್ರಿಕೆಗಳು, ಆರ್ಕುಟ್ ಗುಂಪುಗಳು ಹೇಗೆ ಜನರ ದನಿಯಾಗುತ್ತವೆ ಎಂದು ದೊಡ್ಡದೊಂದು ಪ್ರಬಂಧ ಬರೆಯುತ್ತಿದ್ದಳು.

"ಅಮ್ಮಾ, ಇಧರ್ ಆವೋ. ಸ್ವಲ್ಪ ಗಡ್‌ಬಡ್ ಆಗಿದೆ."

"ಹೆಂಚಿನ ಮೇಲೆ ದೋಸೆ ಇದೆ ಕಣೇ, ಓದಿ ಹೇಳು."

"ಓದೋದಲ್ಲ, ನೋಡೋದು."

ದಿಲ್ಲಿ ಕನ್ನಡಿಗರ ಆರ್ಕುಟ್ ಗುಂಪಿನಲ್ಲಿ ಯಾರೋ ಎರಡು ಚಿತ್ರ ಅಕ್ಕಪಕ್ಕ ಹಾಕಿದ್ದರು. ಎಡಗಡೆ ಕೂಟದ ಹಾಲಿನ ಬಟ್ಟೆ ರಾಶಿ, ಮೇಲುಗಡೆ ಹಳದಿ ಸೀರೆ. ಬಲಗಡೆ ರಾಜ್ಯೋತ್ಸವದಲ್ಲಿ ಅದೇ ಬಣ್ಣ ಉಟ್ಟು ದೀಪ ಹಚ್ಚುತ್ತಿರುವ ಅಹಲ್ಯಾ. ಎರಡೂ ಅದಿತಿಯೇ ತೆಗೆದು, ಹೆಮ್ಮೆಯಿಂದ ತನ್ನ ಆಲ್ಬಮ್ಮಿಗೆ ಹಾಕಿದ್ದ ಚಿತ್ರಗಳು. ಕೆಳಗೆ ಬರೆದಿತ್ತು: "ಸಂತ್ರಸ್ತರಿಗೆ ಕೊಟ್ಟ ಸೀರೆ ಈಗ ಮೇಡಂ ಮೈಮೇಲೆ. ಕನ್ನಡಿಗರೇ, ಕಣ್ಣು ತೆರೆಯಿರಿ." ಬರೆದವನ ಹೆಸರು ಸತ್ಯವಾದಿ. ಮುಖದ ಜಾಗದಲ್ಲಿ ಸಿಂಹದ ಚಿತ್ರ.

ದೋಸೆ ಸೀದುಹೋಯಿತು.

"ಇದೇನೇ ಇದು? ಈ ಸೀರೆ ಸುಮಿತ್ರಾ ಊರಿಗೆಲ್ಲ ಹಂಚಿದ್ದಲ್ವಾ? ಹಾಗಂತ ಬರಿ. ಅಷ್ಟು ಬರೆದರೆ ಮುಗೀತು."

ಅದಿತಿ ಬರೆದಳು. ಹಿಂದೆಯೇ ಉತ್ತರಗಳು ಬಂದವು. ಮಗಳು ಅಮ್ಮನ ಪರ ಅಲ್ಲದೆ ಇನ್ಯಾರ ಪರ ಎಂದ ಒಬ್ಬ. ಇನ್ನೊಬ್ಬ ಪ್ರೂಫ್ ಎಲ್ಲಿ ಎಂದ. ಮೂರನೆಯವನು ನಗುವ ಮೂತಿಗಳನ್ನು ಸಾಲಾಗಿ ಹಾಕಿದ.

"ಪ್ರೂಫ್ ಅವರವರ ಮನೆ ಬೀರುವಿನಲ್ಲೇ ಇದೆ, ತೆಗೆದು ನೋಡಿಕೊಳ್ಳಕ್ಕೆ ಹೇಳು," ಎಂದು ಅಹಲ್ಯಾ ಒಳಗೆ ಹೋದಳು. ಅವಳಿಗಿನ್ನೂ ಧೈರ್ಯವಿತ್ತು. ಇಷ್ಟು ಜನ ಹೆಂಗಸರಿದ್ದಾರೆ, ಒಬ್ಬಳಾದರೂ "ಅಯ್ಯೋ, ನನ್ನ ಹತ್ತಿರವೂ ಇದೆ" ಅನ್ನದೆ ಇರುತ್ತಾಳೆಯೇ ಎಂದುಕೊಂಡಳು.

ಬಾಲ್ಕನಿಯಿಂದ ಮುದುಕರು ಕೂಗಿದರು: "ಏನಮ್ಮಾ ಗಲಾಟೆ?"

ಅದಿತಿ ಹೇಳಿದಳು. ವೆಂಕಟಸುಬ್ಬಯ್ಯನವರು ಐವತ್ತರ ದಶಕದಲ್ಲೇ ದಿಲ್ಲಿಗೆ ಬಂದು ಸೆಕ್ರೆಟೇರಿಯೆಟ್ಟಿನಲ್ಲಿ ಗುಮಾಸ್ತರಾಗಿದ್ದವರು. ಬಟಾಣಿ ಸಿಪ್ಪೆಯನ್ನು ಬದಿಗೆ ತಳ್ಳಿ, "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಿದ್ದರು ದೊಡ್ಡವರು. ಈ ಕಾಲದಲ್ಲಿ ಕಾಣೋದೂ ಬೇಡ, ಒಬ್ಬ ತೋರಿಸಿದರೆ ಸಾಕು," ಎಂದರು.

ಎರಡು ದಿನವಾದರೂ ಯಾರೂ ಬರೆಯಲಿಲ್ಲ. ಅಹಲ್ಯಾ ಜನಕಪುರಿಯ ಲೀಲಾವತಿಗೆ ಫೋನು ಮಾಡಿದಳು. ಹದಿನೈದು ವರ್ಷದ ಗೆಳತಿ. ಮುಂಜಿಯಿಂದ ಎರಡು ಮನೆಯವರೂ ಲೀಲಾವತಿಯ ಕಾರಿನಲ್ಲೇ ವಾಪಸು ಬಂದಿದ್ದರು.

"ಯಾವ ಸೀರೆ ಅಂತೀರಿ ಅಹಲ್ಯಾ? ನೆನಪಾಗ್ತಿಲ್ಲ ಕಣ್ರೀ."

"ಅವತ್ತು ಕಾರಿನಲ್ಲಿ ನಿಮ್ಮದೂ ನನ್ನದೂ ಒಂದೇ ಅಂತ ಕವರು ಪಕ್ಕಪಕ್ಕ ಇಟ್ಟು ನಕ್ಕಿದ್ವಲ್ಲ."

ಆ ಕಡೆ ಕುಕ್ಕರು ಕೂಗಿತು. ಲೀಲಾವತಿ ದನಿ ತಗ್ಗಿಸಿದಳು. "ನೋಡಿ, ನನ್ನ ಹೆಸರು ಮಾತ್ರ ಎತ್ತಬೇಡಿ. ನಾನು ಅದನ್ನ ನೆರೆ ಫಂಡಿಗೆ ಹಾಕಿದ್ದು ನಿಮಗೆ ಗೊತ್ತೇ ಇದೆ. ಇದೆ ಅಂದರೆ ಎಲ್ಲಿ ತೋರಿಸು ಅಂತಾರೆ. ಸುಮಿತ್ರಾ ಕಿವಿಗೆ ಬಿದ್ದರೆ ನನ್ನ ಕಥೆ ಏನು? ನಮ್ಮ ಪ್ರಜ್ವಲ್‌ಗೆ ಚಿದಂಬರ ಅವರ ಫ್ಯಾಕ್ಟರಿಯಲ್ಲಿ ಟ್ರೈನಿಂಗ್ ಆಗಬೇಕು."

"ಮತ್ತೆ ನನ್ನ ಕಥೆ?"

"ನಾಲ್ಕು ದಿನ ಮಾತಾಡ್ತಾರೆ, ಮರೀತಾರೆ. ಬಿಡಿ."

ಅಹಲ್ಯಾ ಇನ್ನೂ ಕೆಲವರಿಗೆ ಫೋನು ಮಾಡಿದಳು. ಒಬ್ಬಳು ತನ್ನದನ್ನು ಕೆಲಸದವಳಿಗೆ ಕೊಟ್ಟಿದ್ದಳು, ಇನ್ನೊಬ್ಬಳು ನಾದಿನಿಯ ಗೃಹಪ್ರವೇಶಕ್ಕೆ ದಾಟಿಸಿದ್ದಳು. ಎಲ್ಲರದೂ ಒಂದೇ ರಾಗ, ಸುಮಿತ್ರಾಗೆ ಹೇಳಬೇಡಿ. ಸುಮಿತ್ರಾಗೇ ಫೋನು ಮಾಡಿದರೆ, "ನಾನು ಕಂಪ್ಯೂಟರ್ ಎಲ್ಲ ನೋಡೋದಿಲ್ಲಪ್ಪ," ಎಂದಳು. ಸುಳ್ಳು. ತನ್ನ ಸೀರೆ ನೆರೆಯ ರಾಶಿಯ ಮೇಲೆ ಬಿದ್ದಿರುವ ಚಿತ್ರವನ್ನು ಅವಳು ಮೊದಲ ದಿನವೇ ನೋಡಿ ಉರಿದುಕೊಂಡಿದ್ದಳು. ಹೌದು, ಊರಿಗೆಲ್ಲ ಅದನ್ನೇ ಹಂಚಿದೆ ಎಂದರೆ, ಊರಿಗೆಲ್ಲ ಅದು ಬೇಡವಾಗಿತ್ತು ಎಂದೂ ಒಪ್ಪಿಕೊಳ್ಳಬೇಕಲ್ಲ.

"ಯಾವ ಮನೆಯಿಂದ ಯಾವ ಕಟ್ಟು ಬಂತು ಅಂತ ನಿನಗೆ ಗೊತ್ತಲ್ಲ. ಹೇಳಿಬಿಡು," ಎಂದರು ಮಾವ.

"ದಾನ ಕೊಟ್ಟವರ ಹೆಸರು ಹೇಳಿ ಅವರ ಮಾನ ಕಳೆಯೋದಾ ಮಾವ? ನನ್ನ ಕೈಲಾಗಲ್ಲ."

ಇಂಥ ಮರ್ಯಾದೆಯವರಿಗೇ ಪೆಟ್ಟು ಬೀಳುವುದು.

ಡಿಸೆಂಬರ್ ಮೊದಲ ವಾರ 'ಇಂದ್ರಪ್ರಸ್ಥ ವಾರ್ತೆ' ಬಂತು. ದಿಲ್ಲಿ ಕನ್ನಡಿಗರ ಮಾಸಪತ್ರಿಕೆ. ಸಂಪಾದಕರು ಏಕನಾಥ ಎಂಬ ನಿವೃತ್ತ ಅಧಿಕಾರಿ. ಕರಡು ತಿದ್ದುವವನು ಗೋಪಿನಾಥ. ಸಂಬಳವಿಲ್ಲದ ಕೆಲಸ. ತಿಂಗಳಿಗೊಮ್ಮೆ ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು ಕೆಂಪು ಪೆನ್ನು ಹಿಡಿದು ಕೂರುತ್ತಿದ್ದ. ಆಫೀಸಿನಲ್ಲಿ ಹಿಂದಿ, ಇಂಗ್ಲಿಷಿನ ಕಡತಗಳ ನಡುವೆ ಬಾಡಿದ ಜೀವಕ್ಕೆ ಅದೊಂದು ಸುಖ. ಮನೆಯವರೂ ಆ ದಿನ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡು ಸಹಕರಿಸುತ್ತಿದ್ದರು.

ವೆಂಕಟಸುಬ್ಬಯ್ಯನವರು ಪತ್ರಿಕೆಯನ್ನು ಜಾಹೀರಾತು ಸಹಿತ ಅಕ್ಷರ ಬಿಡದೆ ಓದುವವರು. ಮಧ್ಯಾಹ್ನ ಮೆಂತ್ಯಸೊಪ್ಪಿನ ಹುಳಿ ಕಲಸುತ್ತಿದ್ದವರು ಕೈ ನಿಲ್ಲಿಸಿದರು.

"ಇದನ್ನ ಕೇಳಿ. 'ನೆರೆಯವರ ಸೀರೆ ಯಾರ ಮೈಮೇಲೆ? ಕಿದ್ವಾಯಿ ನಗರದ ಪ್ರತಿಷ್ಠಿತ ಗೃಹಿಣಿಯೊಬ್ಬರು ಸಂತ್ರಸ್ತರಿಗಾಗಿ ಬಂದ ಸೀರೆಯನ್ನು ಉಟ್ಟು ಮೆರೆದಿದ್ದಾರೆಂದು ಅಂತರ್ಜಾಲದಲ್ಲಿ ಚಿತ್ರ ಸಮೇತ ಸುದ್ದಿ ಹರಿದಾಡುತ್ತಿದೆ. ಬೆಂಕಿಯಿಲ್ಲದೆ ಹೊಗೆಯಾಡುವುದೇ?'"

ಬಡಿಸುತ್ತಿದ್ದ ಅಹಲ್ಯಾಳ ಕೈಯಲ್ಲಿ ಸೌಟು ಹಾಗೇ ನಿಂತಿತು. ಗೋಪಿನಾಥ ತಟ್ಟೆಯಿಂದ ಕಣ್ಣೆತ್ತಲಿಲ್ಲ.

"ಗೋಪಿ," ಎಂದರು ಮುದುಕರು, "ಕರಡು ತಿದ್ದಿದ್ದು ನೀನೇ ತಾನೆ?"

"ನಾನೇ."

"ಇದನ್ನೂ?"

"ಇದನ್ನೂ. ತೆಗೀರಿ ಅಂತ ಏಕನಾಥರಿಗೆ ಹೇಳಿದೆ. ಹೆಸರು ಹಾಕಿಲ್ಲವಲ್ಲ ಅಂದರು. ಹೆಸರಿಲ್ಲವಲ್ಲ, ಸುಮ್ಮನೆ ಜಗಳ ಯಾಕೆ ಅಂತ ನಾನೂ…"

ಅಹಲ್ಯಾ ಸೌಟನ್ನು ಪಾತ್ರೆಗೆ ಹಾಕಿದಳು. "ಕಿದ್ವಾಯಿ ನಗರದಲ್ಲಿ ನೆರೆ ಬಟ್ಟೆ ಆರಿಸಿದ ಗೃಹಿಣಿಯರು ಎಷ್ಟು ಜನ ಇದಾರೆ ರೀ?"

ಗೋಪಿನಾಥ ಕಲಸಿದ ಅನ್ನವನ್ನೇ ಮತ್ತೆ ಕಲಸಿದ.

"ಅವತ್ತು ಫರೀದಾಬಾದಿಂದ ಬರುವಾಗ ಆ ಸೀರೆ ಕವರು ಯಾರ ತೊಡೆ ಮೇಲಿತ್ತು?"

"ನನ್ನ ತೊಡೆ ಮೇಲೆ."

"ಮತ್ತೆ? ಲೀಲಾವತಿಗೆ ಮಗನ ಟ್ರೈನಿಂಗು. ನಿಮಗೆ ಏನು? ಏನು ಕಳ್ಕೋತಿದ್ರಿ? ಮನೆಯೊಳಗಿನ ಸಾಕ್ಷಿಯೇ ಬಾಯಿ ಬಿಡದಿದ್ದರೆ ಹೊರಗಿನವರನ್ನ ನಾನು ಯಾವ ಮುಖದಲ್ಲಿ ಕೇಳಲಿ?"

"ಅಹಲ್ಯಾ, ಊಟದ ಹೊತ್ತಲ್ಲಿ…"

"ಉಣ್ಣಿ. ಪಲ್ಯ ಬೇಕಾದರೆ ಒಲೆ ಮೇಲಿದೆ." ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ದಿನ ಆ ಮನೆಯಲ್ಲಿ ಮೊಸರು ಬಡಿಸುವವರಿರಲಿಲ್ಲ. ಮುದುಕರು ತಾವೇ ಎದ್ದು ಹಾಕಿಕೊಂಡರು, ಮಗನಿಗೆ ಹಾಕಲಿಲ್ಲ.

ಮರುದಿನ ಆರ್ಕುಟ್‌ನಲ್ಲಿ ಆ ಪುಟದ ಚಿತ್ರ ಬಂತು. "ಈಗ ಪತ್ರಿಕೆಯಲ್ಲೇ ಬಂದಿದೆ. ಇನ್ನೇನು ಸಾಕ್ಷಿ ಬೇಕು?" ಎಂದು ಸಿಂಹದ ಮುಖದವನು ಬರೆದಿದ್ದ. ಆರ್ಕುಟ್ ನೋಡಿ ಪತ್ರಿಕೆ ಬರೆಯಿತು, ಪತ್ರಿಕೆ ನೋಡಿ ಆರ್ಕುಟ್ ನಂಬಿತು. ಇಬ್ಬರು ಕುಡುಕರು ಒಬ್ಬರ ಹೆಗಲನ್ನೊಬ್ಬರು ಹಿಡಿದು ನಿಂತರೆ ದೂರದಿಂದ ನೋಡುವವರಿಗೆ ಇಬ್ಬರೂ ನೆಟ್ಟಗೆ ನಿಂತ ಹಾಗೇ ಕಾಣುತ್ತದೆ. ದೂರದಿಂದ ನೋಡುವುದೇ ನಮ್ಮವರಿಗೆ ಸುಲಭವಾಗಿತ್ತು.

ಮಂಜು ದಟ್ಟವಾಯಿತು. ಶನಿವಾರದ ಸಂಜೆಗಳಲ್ಲಿ ಅಹಲ್ಯಾ ಮುಂದಿನ ಕೋಣೆಯಲ್ಲಿ ಚಾಪೆ ಹಾಸಿ, ಹಿಂದಿಯಲ್ಲೇ ಕನಸು ಕಾಣುವ ನಮ್ಮ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದಳು. ಹತ್ತು ವರ್ಷದಿಂದ ನಡೆದುಬಂದ ಪಾಠ. ಫೀಸು ಗೀಸು ಇಲ್ಲ, ಕೊನೆಗೆ ಚಕ್ಕುಲಿಯೋ ಕೋಡುಬಳೆಯೋ ಸಿಗುತ್ತಿತ್ತು. ಆ ಶನಿವಾರ ಚಾಪೆ ಖಾಲಿ ಇತ್ತು. ಧನುಷ್‌ಗೆ ಸ್ವಿಮ್ಮಿಂಗ್ ಕ್ಲಾಸು ಅಂತ ಅವನ ತಾಯಿ ಫೋನು ಮಾಡಿದಳು. ಡಿಸೆಂಬರ್‌ನಲ್ಲಿ, ದಿಲ್ಲಿಯಲ್ಲಿ, ಸ್ವಿಮ್ಮಿಂಗು. ಸುಳ್ಳು ಹೇಳುವುದಕ್ಕೂ ಒಂದಿಷ್ಟು ಶ್ರಮ ಪಡಬಾರದೇ. ಚರಣ್‌ಗೆ ನೆಗಡಿ. ಕೆಳಗಿನ ಮನೆಯ ಅಮೂಲ್ಯ ಒಬ್ಬಳೇ ಪುಸ್ತಕ ಹಿಡಿದು ಬಂದಳು. ಎರಡು ಸಾಲು ಓದುವಷ್ಟರಲ್ಲಿ ಮೆಟ್ಟಿಲ ಬುಡದಿಂದ ಅವಳಮ್ಮ ಕರೆದಳು.

"ಆಂಟಿ, ಮಮ್ಮಿ ಬುಲಾ ರಹೀ ಹೈ. ನೆಕ್ಸ್ಟ್ ಶನಿವಾರ ಬರ್ತೀನಿ."

"ಕೋಡುಬಳೆ ತಗೊಂಡು ಹೋಗು ಮರಿ."

ಹುಡುಗಿ ಮೆಟ್ಟಿಲ ಕಡೆ ನೋಡಿ, ಬೇಡ ಎಂದು ತಲೆಯಾಡಿಸಿ ಓಡಿದಳು. ಅಹಲ್ಯಾಗೆ ಅಲ್ಲಿಯ ತನಕ ಬರದ ಅಳು ಆಗ ಬಂತು. ಮಗುವಿಗೂ ಹೇಳಿಕೊಟ್ಟಿದ್ದಾರೆ, ಅವಳ ಕೈಯಿಂದ ತೆಗೆದುಕೊಳ್ಳಬೇಡ ಎಂದು.

"ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲ ಅಂತಾರೆ," ಎಂದಳು ಚಾಪೆ ಸುತ್ತುತ್ತ. "ನಂದು ಸೀರೆಗೆ ಹೋಯ್ತು. ಅದೂ ನಂದೇ ಸೀರೆಗೆ."

ಅದಿತಿಗೆ ತಾಯಿಯನ್ನು ನೋಡಿ ಸಂಕಟವಾಯಿತು. ಸಂಕಟಕ್ಕೆ ಅವಳಿಗೆ ಗೊತ್ತಿದ್ದ ಮದ್ದು ಬರೆಯುವುದು. ತನ್ನ ಪ್ರಬಂಧದಲ್ಲಿ ಸೀರೆಯ ಪ್ರಕರಣಕ್ಕೆ ಒಂದು ಅಧ್ಯಾಯ ಸೇರಿಸಿದಳು. ಗೈಡ್ ಮೇಡಂ ಓದಿ, "ಇಷ್ಟು ಮಂದಿಯ ಮಾತು ಎತ್ತಿ ಹಾಕಿದ್ದೀಯ. ಇವೆಲ್ಲ ಒಂದೇ ಮಾತಿನ ನಕಲುಗಳು, ಬೇರೆ ಬೇರೆ ಸಾಕ್ಷಿಗಳಲ್ಲ. ಇವರಲ್ಲಿ ಸ್ವತಃ ಕಂಡವರು ಯಾರು, ಮೊದಲು ಅದನ್ನು ಹುಡುಕು," ಎಂದಿದ್ದರು. ಅದಿತಿ ಮನೆಗೆ ಬಂದು ಗುಂಪಿನ ಮಾತುಗಳನ್ನೆಲ್ಲ ಮತ್ತೆ ಓದಿದಳು. ಒಬ್ಬನೂ ಕಂಡಿರಲಿಲ್ಲ. ಅಡುಗೆಮನೆಯ ಬಾಗಿಲಿಗೆ ಒರಗಿ ಅಮ್ಮನಿಗೆ ಓದಿ ಹೇಳಿದಳು: "'ಒಬ್ಬ ಮಹಿಳೆಯ ಮೇಲೆ ಆರೋಪ ಬಂತು…'"

"ಒಬ್ಬ ಮಹಿಳೆ ಅಂದರೆ ಯಾರೇ?"

"ನೀನೇ ಅಮ್ಮ. ರಿಸರ್ಚ್‌ನಲ್ಲಿ ಹೆಸರು ಹಾಕೋದಿಲ್ಲ. ಪ್ರೈವಸಿ."

"ಏಕನಾಥರೂ ಹಾಗೇ ಅಂದರು. ನಿಮ್ಮಪ್ಪನೂ ಹಾಗೇ ಅಂದರು. ಈಗ ನೀನು." ಅಹಲ್ಯಾ ಗಜ್ಜರಿ ತುರಿಯುವುದನ್ನು ನಿಲ್ಲಿಸಲಿಲ್ಲ. "ಆ ಫೋಟೋ ಊರಿಗೆಲ್ಲ ತೋರಿಸುವಾಗ ಎಲ್ಲಿತ್ತಮ್ಮ ನಿನ್ನ ಪ್ರೈವಸಿ?"

"ಸಾರಿ ಹೇಳಿದೆನಲ್ಲ ಅಮ್ಮ. ಕಿತ್‌ನೀ ಬಾರ್ ಬೋಲೂಂ?"

"ಹಿಂದಿಯಲ್ಲಿ ಬೈಬೇಡ. ಬೈಯೋದಾದರೆ ಕನ್ನಡದಲ್ಲಿ ಬೈ, ನಾನು ಕಲಿಸಿದ್ದಾದರೂ ಸಾರ್ಥಕ ಆಗಲಿ."

ಅದಿತಿ ಹಾಳೆ ತೆಗೆದುಕೊಂಡು ಹೋದಳು. ಆ ರಾತ್ರಿ ತಾಯಿ ಮಗಳು ಒಬ್ಬರಿಗೊಬ್ಬರು ಮುಖ ಕೊಡದೆ ಉಂಡರು.

ಕ್ರಿಸ್‌ಮಸ್ ರಜೆಯಲ್ಲಿ ಗೋಪಿನಾಥ ತಾನಾಗಿಯೇ, "ನಡಿ, ಏಕನಾಥರ ಮನೆಗೆ ಹೋಗಿ ಬರೋಣ," ಎಂದ. ಏಕನಾಥರು ಲಾಜಪತ್ ನಗರದ ಒಂದು ಬರ್ಸಾತಿಯಲ್ಲಿ, ಅಂದರೆ ಮೂರನೇ ಮಹಡಿಯ ತಾರಸಿ ಮನೆಯಲ್ಲಿ, ಇದ್ದರು. ಹೀಟರಿನ ಮುಂದೆ ಕಾಲು ಚಾಚಿಕೊಂಡು ಕಾಫಿ ತರಿಸಿದರು.

"ಬನ್ನಿ ಬನ್ನಿ. ಅಹಲ್ಯಾಬಾಯಿ, ನಿಮಗೆ ಯಾಕೆ ಬೇಜಾರು? ನಾವು ಯಾರ ಹೆಸರನ್ನೂ ಬರೆದಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯ್ತು."

"ನನ್ನ ಹೆಗಲು ಯಾಕೆ ಸಾರ್, ಇಡೀ ದಿಲ್ಲಿಯೇ ನನ್ನ ಹೆಗಲು ನೋಡ್ತಾ ಇದೆ. ನೀವು ಬರೆಯೋ ಮುಂಚೆ ಯಾರನ್ನು ಕೇಳಿದ್ರಿ?"

"ಅಂತರ್ಜಾಲದಲ್ಲಿ ಬಂದಿತ್ತಲ್ಲ, ಚಿತ್ರ ಸಮೇತ."

"ಅಂತರ್ಜಾಲದವರು ಯಾರನ್ನು ಕೇಳಿದ್ರಂತೆ?"

ಏಕನಾಥರು ನಕ್ಕರು. "ಅದು ಅವರ ಜವಾಬ್ದಾರಿ. ನಾವು ಸುದ್ದಿ ಹರಿದಾಡುತ್ತಿದೆ ಅಂತಷ್ಟೇ ಬರೆದಿದ್ದೇವೆ. ಹರಿದಾಡುತ್ತಿದ್ದದ್ದು ನಿಜ ತಾನೆ?"

ಗೋಪಿನಾಥ ಕೆಮ್ಮಿದ. "ಸಾರ್, ಒಂದು ತಿದ್ದುಪಡಿ ಹಾಕಿ. ನಾನೇ ಬರೆದು ತಂದಿದ್ದೇನೆ. ಅದು ಅಹಲ್ಯಾಳ ಸ್ವಂತ ಸೀರೆ, ಮುಂಜಿಯಲ್ಲಿ ಬಂದದ್ದು ಅಂತ."

ಏಕನಾಥರು ಚೀಟಿ ಓದಿ ಮೇಜಿನ ಮೇಲಿಟ್ಟರು. "ಛೆ, ಹೆಸರು ಹಾಕಿದರೆ ಆ ಗೃಹಿಣಿ ನೀವೇ ಅಂತ ನಾವೇ ಸಾರಿದ ಹಾಗಾಗುತ್ತಲ್ಲ. ನಿಮ್ಮ ಮರ್ಯಾದೆ ಪ್ರಶ್ನೆ. 'ಓದುಗರಿಗೆ ಆದ ಗೊಂದಲಕ್ಕೆ ವಿಷಾದಿಸುತ್ತೇವೆ' ಅಂತ ಒಂದು ಸಾಲು ಹಾಕೋಣ, ಸಾಕು."

"ಗೊಂದಲ ಯಾರಿಗೂ ಆಗಿಲ್ಲ," ಎಂದಳು ಅಹಲ್ಯಾ. "ಕಳ್ಳಿ ಅನ್ನುವಾಗ ಹೆಸರು ಬೇಕಿರಲಿಲ್ಲ, ಎಲ್ಲರಿಗೂ ಗೊತ್ತಾಯ್ತು. ಕಳ್ಳಿ ಅಲ್ಲ ಅನ್ನೋದಕ್ಕೆ ಹೆಸರು ಹಾಕಿ. ಅಹಲ್ಯಾ ಅಂತ ಹಾಕಿ. ಮನೆ ನಂಬರೂ ಹಾಕಿ."

"ಸಂಪಾದಕೀಯ ನೀತಿ ಅಂತ ಒಂದಿದೆ ತಾಯಿ." ಏಕನಾಥರು ಗೋಪಿನಾಥನ ಕಡೆ ತಿರುಗಿದರು. "ಜನವರಿ ಸಂಚಿಕೆಯ ಕರಡು ರೆಡಿ ಇದೆ, ಹೋಗುವಾಗ ತಗೊಂಡು ಹೋಗಿ."

ಗೋಪಿನಾಥ ತಗೊಂಡ. ಮೆಟ್ಟಿಲಿಳಿಯುವಾಗ ಹೆಂಡತಿ ಅವನ ಕಂಕುಳಿನ ಕಟ್ಟನ್ನು ನೋಡಿದಳು. ಆ ನೋಟ ಅವನಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಸಂಕ್ರಾಂತಿ ಕಳೆದ ಭಾನುವಾರ ಸುಮಿತ್ರಾಳ ಮನೆಯಲ್ಲಿ ಅರಿಶಿನ ಕುಂಕುಮ. ವರ್ಷವೂ ಎಲ್ಲರನ್ನೂ ಕರೆಯುವ ಪದ್ಧತಿ. ಅಹಲ್ಯಾಳನ್ನು ಬಿಟ್ಟರೆ ಮಾತಾಗುತ್ತದೆಂದು ಮೊಬೈಲಿಗೆ ಒಂದು ಮೆಸೇಜು ಬಂದಿತ್ತು. ಬರುವುದಿಲ್ಲ ಎಂಬ ಭರವಸೆಯಿಂದ ಕಳಿಸಿದ ಮೆಸೇಜು. ಅಹಲ್ಯಾ ಬೀರು ತೆಗೆದು ಹಳದಿ ಸೀರೆ ಉಟ್ಟಳು.

"ಸ್ವೆಟರ್ ಹಾಕ್ಕೋ ಅಮ್ಮ, ಥಂಡಿ ಇದೆ," ಎಂದಳು ಅದಿತಿ.

"ಬೇಡ. ಸೀರೆ ಕಾಣಬೇಕು."

ಅದಿತಿ ತನ್ನ ಶಾಲು ಹೊದ್ದುಕೊಂಡು, "ನಾನೂ ಬರ್ತೀನಿ," ಎಂದಳು.

ಫರೀದಾಬಾದಿನ ಆ ಹಾಲಿನಲ್ಲಿ ರೇಷ್ಮೆ ಸೀರೆಗಳ ಸಂತೆಯೇ ನೆರೆದಿತ್ತು. ತಟ್ಟೆಗಳಲ್ಲಿ ಎಳ್ಳು ಬೆಲ್ಲ, ಸಕ್ಕರೆ ಅಚ್ಚು, ಕಬ್ಬಿನ ತುಂಡು. ಅಹಲ್ಯಾ ಒಳಗೆ ಬಂದ ಕೂಡಲೇ ಮಾತು ನಿಂತಿತು. ಲೀಲಾವತಿ ಕೈಯಲ್ಲಿದ್ದ ಗಿಳಿಯ ಅಚ್ಚನ್ನು ತಿರುಗಿಸಿ ತಿರುಗಿಸಿ ನೋಡತೊಡಗಿದಳು. ಸುಮಿತ್ರಾ ಕುಂಕುಮ ಇಟ್ಟು, ಎಳ್ಳಿನ ತಟ್ಟೆ ಕೊಟ್ಟು, ಅಭ್ಯಾಸಬಲದಿಂದ ಅಂದಳು: "ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ."

"ಮಾತಾಡೋಣ ಅಂತಲೇ ಬಂದೆ. ಒಳ್ಳೇದೋ ಕೆಟ್ಟದ್ದೋ ನೀವೇ ಹೇಳಿ ಸುಮಿತ್ರಾ. ಈ ಸೀರೆ ನನಗೆ ಯಾರು ಕೊಟ್ಟಿದ್ದು?"

"ಈಗ ಯಾಕೆ ಅದೆಲ್ಲ… ಹಬ್ಬದ ದಿನ."

"ಯಾರು ಕೊಟ್ಟಿದ್ದು?"

"ನಾನೇ. ಮುಂಜಿಯಲ್ಲಿ."

"ಎಷ್ಟು ಜನಕ್ಕೆ ಇದೇ ಸೀರೆ ಕೊಟ್ರಿ?"

"ಬಂದವರಿಗೆಲ್ಲ," ಎಂದಳು ಸುಮಿತ್ರಾ. ದನಿ ಕಷ್ಟಪಟ್ಟು ಹೊರಗೆ ಬಂತು.

ಅಹಲ್ಯಾ ಹಾಲಿನ ಕಡೆ ತಿರುಗಿದಳು. "ಹಾಗಾದರೆ ಇಲ್ಲಿ ಕೂತಿರೋ ಎಲ್ಲರ ಹತ್ತಿರವೂ ಇರಬೇಕು. ಲೀಲಾವತಿ, ನಿಮ್ಮದೆಲ್ಲಿ?"

ಲೀಲಾವತಿ ಸುಮಿತ್ರಾಳ ಕಡೆ ನೋಡಿದಳು, ನೆಲ ನೋಡಿದಳು.

"ನಾನೇ ಹೇಳ್ತೀನಿ. ನಿಮ್ಮದು ಲಾರಿಯಲ್ಲಿ ಹೋಯ್ತು. ಇಲ್ಲಿ ಗೋಡೆ ಪಕ್ಕ ಕೂತವರದೂ ಹೋಯ್ತು. ಕವರು ಬಿಚ್ಚದೆ ಹೋಯ್ತು. ಈ ಕೈಯಿಂದಲೇ ಕಟ್ಟು ಕಟ್ಟಿದ್ದೇನೆ. ನಿಮ್ಮ ಮರ್ಯಾದೆ ಹೋಗಬಾರದು ಅಂತ ಬಾಯಿ ಮುಚ್ಚಿಕೊಂಡಿದ್ದೆ. ಆ ಮೂಟೆಯಲ್ಲಿ ಒಂದೇ ಒಂದು ಸೀರೆಯನ್ನು ಪ್ರೀತಿಯಿಂದ ಉಟ್ಟವಳು ನಾನು, ಕಳ್ಳಿ ಅನಿಸಿಕೊಂಡವಳೂ ನಾನು."

ಸುಮಿತ್ರಾಳ ಮುಖ ಕೆಂಪಾಯಿತು. ತನ್ನ ಹಾಲಿನಲ್ಲಿ ಕೂತವರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. "ಸಾಕು ಅಹಲ್ಯಾ."

"ಸಾಕು ಅಂತ ನವೆಂಬರ್‌ನಲ್ಲಿ ಹೇಳಬೇಕಿತ್ತು ನೀವು."

ಆಗ ಲೀಲಾವತಿ ಬಾಯಿ ಬಿಟ್ಟಳು. ಗಾಯದ ಮೇಲೆ ಎಣ್ಣೆ ಸವರುವ ದನಿ. "ಇಷ್ಟು ದೊಡ್ಡದು ಯಾಕೆ ಮಾಡ್ತೀರಿ ಅಹಲ್ಯಾ? ನೀವು ಕದ್ದಿಲ್ಲ ಅಂತ ನಮಗೆಲ್ಲ ಗೊತ್ತೇ ಇತ್ತು."

"ಹೌದು ಹೌದು, ಗೊತ್ತೇ ಇತ್ತು," ಎಂದಳು ಧನುಷ್‌ನ ತಾಯಿ. "ನಿಮ್ಮಂಥವರು ಅಂಥ ಕೆಲಸ ಮಾಡ್ತಾರೆಯೇ," ಎಂದಳು ಮತ್ತೊಬ್ಬಳು. ಹಾಲಿನ ತುಂಬ ಒಪ್ಪಿಗೆಯ ಗುಜುಗುಜು ಎದ್ದಿತು. ಎಲ್ಲರಿಗೂ ಹಗುರವಾದ ಹಾಗೆ ಕಂಡಿತು.

ಇಷ್ಟು ದಿನವೂ ಅಹಲ್ಯಾ, ಮರೆತಿರಬೇಕು, ತಪ್ಪು ತಿಳಿದಿರಬೇಕು ಎಂದು ಇವರಲ್ಲಿ ಹಲವರನ್ನು ಒಳಗೊಳಗೇ ಕ್ಷಮಿಸಿಕೊಂಡು ಬಂದಿದ್ದಳು. ಗೊತ್ತಿತ್ತಂತೆ. ಗೊತ್ತಿದ್ದೂ ಮಗುವನ್ನು ಮೆಟ್ಟಿಲ ಬುಡದಿಂದ ಕರೆದರಂತೆ. ಅವಳು ಎಳ್ಳಿನ ತಟ್ಟೆಯನ್ನು ಮುಟ್ಟದೆ ಕೆಳಗಿಟ್ಟು, "ನಡಿ ಅದಿತಿ," ಎಂದಳು.

ಸುಮಿತ್ರಾ ಬಾಗಿಲ ತನಕ ಓಡಿ ಬಂದಳು. ಕೈಯಲ್ಲಿ ತಾಂಬೂಲ, ಅದರ ಕೆಳಗೆ ಹೊಸ ಸೀರೆಯ ಕವರು. "ಬರಿಗೈಯಲ್ಲಿ ಹೋಗಬೇಡಿ. ತಪ್ಪಾಯ್ತು ಅಂತ ಇಟ್ಟುಕೊಳ್ಳಿ."

ಅಹಲ್ಯಾ ಕವರನ್ನು ನೋಡಿದಳು. "ಇದು ಕೊಡೋದಾ, ಉಡೋದಾ?"

ಅವಳು ವೀಳ್ಯದೆಲೆ ಒಂದನ್ನು ತೆಗೆದುಕೊಂಡು, ಸೀರೆಯನ್ನು ಅಲ್ಲೇ ಬಿಟ್ಟು ಹೊರಗೆ ಬಂದಳು. ಚಳಿಗೆ ಮೈ ನಡುಗುತ್ತಿತ್ತು. ಅದಿತಿ ತನ್ನ ಶಾಲು ತೆಗೆದು ಅವಳಿಗೆ ಹೊದಿಸಿದಳು. ಇಬ್ಬರೂ ಬಸ್ಸು ಹತ್ತಿ ಕಿದ್ವಾಯಿ ನಗರಕ್ಕೆ ಬಂದರು.

ಮನೆಯಲ್ಲಿ ಮಾವ ಕಾಫಿಗೆ ಹಾಲಿಟ್ಟಿದ್ದರು. ಗೋಪಿನಾಥ ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು ಕೂತಿದ್ದ. ಫೆಬ್ರವರಿ ಸಂಚಿಕೆಯ ಕರಡು.

"ಏಕನಾಥರು ಫೋನು ಮಾಡಿದ್ದರು," ಎಂದ ತಲೆಯೆತ್ತಿ. "ಸುಮಿತ್ರಾ ಮನೆಯಲ್ಲಿ ಎಲ್ಲ ಸರಿಹೋಯ್ತಂತೆ. ಆಗಲೇ ಸುದ್ದಿ ಮುಟ್ಟಿದೆ. ಪ್ರಕರಣ ಸುಖಾಂತ್ಯ ಅಂತ ಒಂದು ಸಾಲು ಹಾಕ್ತಾರಂತೆ."

"ಹೆಸರು?"

"ಅದು… ಅವರ ನೀತಿ ಗೊತ್ತಲ್ಲ ನಿನಗೆ."

ಅಹಲ್ಯಾ ಶಾಲು ತೆಗೆದು ಕುರ್ಚಿಯ ಮೇಲಿಟ್ಟಳು. "ಅದಿತಿ, ನಿನ್ನ ಪ್ರಬಂಧ ತಗೊಂಡು ಬಾ. ಆ ಅಧ್ಯಾಯದ ಕೊನೇ ಸಾಲು ಓದು."

ಅದಿತಿ ಹಾಳೆ ತಂದು, ಅಪ್ಪನ ಎದುರಿಗೆ ನಿಂತು ಓದಿದಳು: "'ಈ ಪ್ರಕರಣದಲ್ಲಿ ಪ್ರತ್ಯಕ್ಷ ಸಾಕ್ಷಿಗಳು ಯಾರೂ ಇರಲಿಲ್ಲ.'"

"ಹೊಡೆದು ಹಾಕು. ಎಲ್ಲರೂ ಇದ್ದರು ಅಂತ ಬರಿ. ಸೀರೆ ಕೊಟ್ಟವಳು ಇದ್ದಳು, ಇಸಕೊಂಡವರು ಇದ್ದರು, ಒಬ್ಬೊಬ್ಬರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ ಅಂತ ಬರಿ. ಮಹಿಳೆ ಗಿಹಿಳೆ ಅಂತಲ್ಲ, ಹೆಸರು ಹಾಕಿ ಬರಿ. ನನ್ನ ಹೆಸರೂ ಹಾಕು, ಅವರ ಹೆಸರೂ ಹಾಕು."

"ಮೊದಲು ಯಾರದು ಹಾಕಲಿ ಅಮ್ಮ?"

ಒಳಗೆ ಹಾಲು ಉಕ್ಕುವ ಸದ್ದಾಯಿತು. ವೆಂಕಟಸುಬ್ಬಯ್ಯನವರು ಒಲೆ ಆರಿಸಿ ಬಾಗಿಲಿಗೆ ಬಂದು ನಿಂತರು.

"ಕವರು ಯಾರ ತೊಡೆ ಮೇಲಿತ್ತೋ ಅವರದು," ಎಂದಳು ಅಹಲ್ಯಾ.

ಗೋಪಿನಾಥ ತಂದೆಯ ಕಡೆ ನೋಡಿದ. ತಂದೆ ಮೊಮ್ಮಗಳಿಗೆ ಕುರ್ಚಿ ಎಳೆದುಕೊಟ್ಟರು. ಅದಿತಿ ಅಪ್ಪನ ಮುಂದಿದ್ದ ಕೆಂಪು ಪೆನ್ನನ್ನು ಎತ್ತಿಕೊಂಡು, ಅವನ ಕರಡಿನ ಹಾಳೆಗಳನ್ನು ಪಕ್ಕಕ್ಕೆ ಸರಿಸಿ, ಅದೇ ಮೇಜಿನ ಮೇಲೆ ಬರೆಯಲು ಕೂತಳು.